ಬೇಗಮ್ಮನ ಬುತ್ತಿ

ಆ ಬೆಳಗ್ಗೆ ಮಳೆ ಬಂತು ಅನ್ನುವಂತಿರಲಿಲ್ಲ, ಬರಲಿಲ್ಲ ಅನ್ನುವಂತೆಯೂ ಇರಲಿಲ್ಲ. ಹೊಂಗನೂರಿನ ಮೇಲೆ ಯಾರೋ ಜರಡಿ ಹಿಡಿದು ಅಲ್ಲಾಡಿಸಿದಂಥ ತುಂತುರು. ಮೈ ನೆನೆಯದು, ಸೆರಗು ಮಾತ್ರ ತಣ್ಣಗೆ ಭಾರವಾಗುವುದು. ರಾಗಿ ಪೈರಿಗೆ ಇದಕ್ಕಿಂತ ಒಳ್ಳೆಯ ಮಳೆ ಬೇಕಿಲ್ಲ. ರೇಷ್ಮೆಹುಳ ಸಾಕಿದ ಮನೆಗೆ ಇದಕ್ಕಿಂತ ಕೆಟ್ಟದ್ದಿಲ್ಲ. ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತ ಹನಿ ಆರುವ ತನಕ ಅದನ್ನು ಹುಳಕ್ಕೆ ಹಾಕುವಂತಿಲ್ಲ. ಒದ್ದೆ ಸೊಪ್ಪು ತಿಂದ ಹುಳ ಹೊಟ್ಟೆ ಕೆಟ್ಟು, ಮೈ ಮೆತ್ತಗಾಗಿ, ತಟ್ಟೆಯಲ್ಲೇ ಸಪ್ಪೆಯಾಗಿ ಹೋಗುತ್ತದೆ.

ಅದಕ್ಕೇ ಅಂಬುಜಮ್ಮ ಜಗಲಿಯ ಮೇಲೆ ಸೊಪ್ಪು ಹರಡಿಕೊಂಡು, ಗಂಡನ ಹಳೆಯ ಪಂಚೆಯ ತುಂಡಿನಲ್ಲಿ ಎಲೆ ಎಲೆಯನ್ನೂ ಒರೆಸುತ್ತಿದ್ದಳು. ಒಂದೊಂದು ಎಲೆ ಒರೆಸುವಾಗಲೂ ತುಟಿಯಲ್ಲಿ 'ಹನುಮಪ್ಪಾ' ಎಂಬ ಸದ್ದಿಲ್ಲದ ಒಂದು ಕರೆ. ಹುಳ ನಾಲ್ಕನೇ ಜ್ವರದಿಂದ ಎದ್ದಿದ್ದವು. ಪೊರೆ ಕಳಚುವ ಮುಂಚೆ ಹುಳ ಏನೂ ಮುಟ್ಟದೆ ತಲೆ ಎತ್ತಿಕೊಂಡು ಧ್ಯಾನಕ್ಕೆ ನಿಂತ ಹಾಗೆ ನಿಲ್ಲುವುದಕ್ಕೆ ಹುಳ ಸಾಕುವವರು ಜ್ವರ ಅನ್ನುತ್ತಾರೆ. ಈ ಜ್ವರ ಕಳೆದ ಮೇಲೆ ಬರುವುದು ದೊಡ್ಡ ಹಸಿವು. ಅದು ತೀರಿದರೆ ಹುಳ ಹಣ್ಣಾಗಿ ಗೂಡು ಕಟ್ಟುವುದು.

ಒರೆಸಿದ ಸೊಪ್ಪನ್ನು ಮಂಕರಿಗೆ ತುಂಬಿ, ಬಾಗಿಲ ಬಳಿಯ ಬ್ಲೀಚಿಂಗ್ ನೀರಿನಲ್ಲಿ ಕೈಕಾಲು ತೊಳೆದು, ಅಂಬುಜಮ್ಮ ಹುಳದ ಮನೆಯೊಳಗೆ ಕಾಲಿಟ್ಟಳು. ಹೊರಗಿನದಕ್ಕಿಂತ ಒಳಗೇ ಜೋರು ಮಳೆ. ತಟ್ಟೆ ತಟ್ಟೆಯಲ್ಲೂ ಹುಳ ಉಳಿದ ಸೊಪ್ಪನ್ನು ಕಡಿಯುವ ಸದ್ದು. ಆದರೆ ಹೊಸ್ತಿಲ ಪಕ್ಕದ ಗೋಣಿಚೀಲದ ಮೇಲೆ ಬೆಕ್ಕು ಇರಲಿಲ್ಲ.

"ಬೇಗಮ್ಮಾ... ಎಲ್ಲಿದ್ದೀಯವ್ವ?"

ಬಗ್ಗಿ ನೋಡಿದಳು. ಮೂಲೆಯಲ್ಲಿ, ತಟ್ಟೆ ಜೋಡಿಸಿದ ಸ್ಟ್ಯಾಂಡಿನ ಕೆಳಗೆ, ಬರೀ ನೆಲದ ಮೇಲೆ ಬೆಕ್ಕು ಮಲಗಿತ್ತು. ಬೂದಿ ಬಣ್ಣದ ಮೈ, ಗಂಟಲ ಹತ್ತಿರ ಬಿಳಿ ಮಚ್ಚೆ. ಬಾಲದ ಬುಡವೆಲ್ಲ ಅಂಟಂಟು, ನಾತ. ಬೆಕ್ಕೆಂದರೆ ಗಳಿಗೆಗೊಮ್ಮೆ ಮೈ ನೆಕ್ಕಿಕೊಂಡು ಮಡಿಯಾಗುವ ಪ್ರಾಣಿ. ಇದು ನೆಕ್ಕಿಕೊಳ್ಳುವುದನ್ನೇ ಬಿಟ್ಟಿತ್ತು. ಹೆಸರು ಕೇಳಿ ಕಣ್ಣು ಬಿಟ್ಟಿತು, ಬಾಯಿಯನ್ನೂ ಬಿಟ್ಟಿತು, ದನಿ ಬರಲಿಲ್ಲ.

ಕೆಳಗಿನ ತಟ್ಟೆಯಲ್ಲಿ ಅರ್ಧ ಕಡಿದ ಹುಳ ಬಿದ್ದಿದ್ದವು. ಹೋಗಿದ್ದ ಇಲಿ ತಿರುಗಿ ಬಂದಿದ್ದವು.

ಅಂಬುಜಮ್ಮನ ತವರಿನಲ್ಲಿ ಬೆಕ್ಕನ್ನು ಯಾರೂ ಕಾಸು ಕೊಟ್ಟು ತಂದವರಲ್ಲ. ಕೊಂಡು ತಂದ ಬೆಕ್ಕು ಇಲಿಯ ತಂಟೆಗೆ ಹೋಗುವುದಿಲ್ಲ ಎಂದು ಅವಳ ಅವ್ವ ಹೇಳುತ್ತಿದ್ದಳು. ಬೇಕಾದರೆ ಕಡ ತರಬೇಕು. ಬೆಳೆ ಎದ್ದ ಮೇಲೆ, ತಂದಾಗ ಹೇಗಿತ್ತೋ ಹಾಗೇ ಒಪ್ಪಿಸಬೇಕು. ಈ ಸಲ ಹುಳದ ಮನೆಗೆ ಇಲಿ ಕಾಟ ಹತ್ತಿದಾಗ ಅವಳಿಗೆ ಮೊದಲು ನೆನಪಾದದ್ದು ರಾಮನಗರದ ಮುನ್ನೀಯ ಮನೆಯ ಬೆಕ್ಕು.

ಮುನ್ನೀಯ ಗಂಡ ಸಮದ್ ನೂಲು ಬಿಚ್ಚುವವರು. ಅಂಬುಜಮ್ಮನ ಗಂಡ ಬೋರಲಿಂಗಯ್ಯನ ಗೂಡನ್ನು ಮಾರ್ಕೆಟ್ಟಿನ ಹರಾಜಿನಲ್ಲಿ ಎಷ್ಟೋ ಸಲ ಕೂಗಿ ಹಿಡಿದವರು. ಹಾಗೊಂದು ಮಾರ್ಕೆಟ್ಟಿನ ದಿನ ಮಳೆಗೆ ಸಿಕ್ಕಿ ಅಂಬುಜಮ್ಮ ಅವರ ಬಾಗಿಲಲ್ಲಿ ನಿಂತಿದ್ದಳು. ಮುನ್ನೀ ಒಳಗೆ ಕರೆದು ಕೂರಿಸಿ, ತಲೆ ಒರೆಸಿಕೊಳ್ಳಲು ಟವಲು ಕೊಟ್ಟಿದ್ದಳು. ಅವತ್ತಿನಿಂದ ಮಾರ್ಕೆಟ್ಟಿಗೆ ಹೋದರೆ ಆ ಬಾಗಿಲಿಗೆ ಹೋಗದೆ ಅಂಬುಜಮ್ಮ ಬಸ್ಸು ಹತ್ತುತ್ತಿರಲಿಲ್ಲ. ಮನೆಯ ಹಿಂದುಗಡೆಯೇ ಗೂಡು ಬೇಯಿಸಿ ನೂಲು ತೆಗೆಯುವ ಶೆಡ್ಡು. ನೂಲು ಬಿಚ್ಚಿದ ಮೇಲೆ ಬಾಣಲೆಯಲ್ಲಿ ಬೆಂದ ಹುಳ ಉಳಿಯುತ್ತದೆ. ಆ ಬೆಕ್ಕು, ಮುನ್ನೀಯ ಬೇಗಂ, ಹುಟ್ಟಿದ್ದೂ ಅಲ್ಲೇ, ಬೆಳೆದದ್ದೂ ಆ ಬೆಂದ ಹುಳದ ಮೇಲೇ.

ಬೆಕ್ಕನ್ನು ಕೊಡುವಾಗ ಮುನ್ನೀ ಅದನ್ನು ಕೆನ್ನೆಗೆ ಒತ್ತಿಕೊಂಡು, ಆಮೇಲೆ ಬುಟ್ಟಿಯೊಳಗೆ ಇಳಿಸಿದ್ದಳು. ಜೊತೆಗೆ ಹಸಿರು ಬಟ್ಟೆಯಲ್ಲಿ ಕಟ್ಟಿದ ಒಂದು ಸ್ಟೀಲು ಡಬ್ಬಿ.

"ಅಂಬುಜಕ್ಕಾ, ಇದು ನಮ್ಮ ಬೇಗಂ ಬುತ್ತಿ. ಹುಳ ಒಣಗ್ಸಿ ಇಟ್ಟೀನಿ. ನಿಮ್ಮನೆ ಅನ್ನಕ್ಕೆ ಒಸಿ ಒಸಿ ಕಲ್ಸಿ ಕೊಡಿ. ದಿನಾ ಹುಳ ಒಸಿ ಕಮ್ಮಿ ಮಾಡ್ತಾ, ಅನ್ನ ಒಸಿ ಜಾಸ್ತಿ ಮಾಡ್ತಾ ಹೋಗಿ. ಒಂದೇ ಸಲಕ್ಕೆ ನಿಲ್ಲಿಸ್ಬ್ಯಾಡಿ, ಆಂ? ಇವಳ ಹೊಟ್ಟೆ ನಖ್ರಾ ಜಾಸ್ತಿ."

"ಹೆಸ್ರೇ ಬೇಗಮ್ಮ. ನಖ್ರಾ ಇಲ್ದೇ ಇರ್ತದಾ?" ಎಂದು ಅಂಬುಜಮ್ಮ ನಕ್ಕು, ಡಬ್ಬಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡಿದ್ದಳು.

ನಕ್ಕದ್ದು ನಿಜ, ಆದರೆ ಚನ್ನಪಟ್ಟಣದಲ್ಲಿ ಬಸ್ಸು ಬದಲಾಯಿಸಿ ಹೊಂಗನೂರಿನಲ್ಲಿ ಇಳಿಯುವ ಹೊತ್ತಿಗೆ ಚೀಲದಲ್ಲಿದ್ದ ಆ ಡಬ್ಬಿ ಕೈಗೆ ಭಾರವಾಗಿತ್ತು. ಹುಳ ಇರುವ ಮನೆಯೆಂದರೆ ಬಾಣಂತಿ ಇರುವ ಮನೆಯ ಹಾಗೆ. ಅಲ್ಲಿ ಒಗ್ಗರಣೆಯ ಘಾಟು ಕೂಡ ಏಳದ ಹಾಗೆ ನೋಡಿಕೊಂಡವಳು ಅವಳು. ಅಂಥ ಮನೆಗೆ ಸತ್ತ ಹುಳವನ್ನು, ಅದೂ ಬೇಯಿಸಿ ಸಾಯಿಸಿದ್ದನ್ನು, ತೆಗೆದುಕೊಂಡು ಹೋಗುವುದುಂಟೆ? ಯಾವ ರೋಗ ಅಂಟಿಕೊಂಡು ಬಂದೀತೋ. ಅದು ಹೋಗಲಿ, ಈ ಬೆಳೆ ಗೂಡು ಕಟ್ಟುವ ತನಕ ಹೊಸ್ತಿಲೊಳಗೆ ಮಾಂಸ ಅನ್ನುವುದು ಸೇರಕೂಡದೆಂದು ಕೆಂಗಲ್ ಆಂಜನೇಯನಿಗೆ ಹರಸಿಕೊಂಡು ಆಗಿತ್ತು. ತಿಂಗಳು ಬೇರೆ ಶ್ರಾವಣ. ಮುನ್ನೀ ಅಷ್ಟು ಅಕ್ಕರೆಯಿಂದ ಕೊಟ್ಟಾಗ ಬೇಡ ಅನ್ನಲು ಬಾಯಿ ಬಂದಿರಲಿಲ್ಲ. ಮನೆಗೆ ಒಯ್ಯಲು ಈಗ ಕಾಲು ಬರಲಿಲ್ಲ.

ಊರ ಅಂಚಿನಲ್ಲಿ ತಮ್ಮ ಹೊಲದ ಬದುವಿನ ಹೊಂಗೆಮರದ ಒಂದು ಕೊಂಬೆಗೆ ಆ ಹಸಿರು ಗಂಟನ್ನು ನೇತುಹಾಕಿದಳು. ಅಲ್ಲಿರಲಿ, ಬೇಕಾದಾಗ ನೋಡಿದರಾಯಿತು ಅಂದುಕೊಂಡಳು.

ಮನೆಗೆ ಬಂದರೆ ಬೋರಲಿಂಗಯ್ಯ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಬೆಕ್ಕನ್ನು ಪೊಲೀಸಿನವರ ಹಾಗೆ ನೋಡಿದ್ದ.

"ಅಲ್ಲ ಕಣಮ್ಮಿ, ಹುಳ ತಿಂದು ಬೆಳ್ದಿರೋದು ಅಂತೀಯ. ಇಲಿ ಕಾಯಕ್ಕೆ ಅಂತ ತಂದು, ಇದೇ ನಮ್ಮ ಹುಳ ಮೇಯಕ್ಕೆ ಸುರು ಮಾಡ್ಕಂಡ್ರೆ?"

"ಅದು ಬೆಂದ ಹುಳ ತಿಂತಿದ್ದುದ್ದು."

"ಬೆಂದಿದ್ದೋ ಬೇಯ್ದೆ ಇದ್ದುದ್ದೋ, ರುಚಿ ಕಂಡಿರೋ ಬಾಯಿ ತಾನೆ? ಇವತ್ತಿಂದ ಹಾಲು ಅನ್ನ. ಹುಳ ಅನ್ನೋದು ಒಂದು ಐತೆ ಅನ್ನೋದೇ ಮರ್ತೋಗ್ಬೇಕು ಇದ್ಕೆ."

ಆ ಮಾತಿನಲ್ಲಿ ನ್ಯಾಯ ಇತ್ತು. ಡಬ್ಬಿಯನ್ನು ಮರದಲ್ಲಿ ಬಿಟ್ಟು ಬಂದದ್ದು ಒಳ್ಳೆಯದೇ ಆಯಿತೆಂದು ಅಂಬುಜಮ್ಮನ ಮನಸ್ಸು ಹಗುರವಾಯಿತು. ಅದರ ಸುದ್ದಿಯನ್ನೇ ಅವಳು ಎತ್ತಲಿಲ್ಲ.

ಮೊದಮೊದಲು ಎಲ್ಲ ಚೆನ್ನಾಗಿಯೇ ಇತ್ತು. ಬೇಗಮ್ಮ ಹಸಿದ ಹೊಟ್ಟೆಗೆ ಹಾಲು ಅನ್ನವನ್ನು ಬಟ್ಟಲು ಸವೆಯುವ ಹಾಗೆ ನೆಕ್ಕಿತು. ಸ್ಟ್ಯಾಂಡಿನ ಕೆಳಗೆ ಒಂದು ಸುತ್ತು ಹೊಡೆದು ಬಂದರೆ ಸಾಕು, ಇಲಿ ಅನ್ನುವುದು ಸುಳಿಯಲಿಲ್ಲ. ತಟ್ಟೆಯ ಹುಳದ ಕಡೆ ಅದು ಕಣ್ಣೆತ್ತಿ ಸಹ ನೋಡಲಿಲ್ಲ. ಆಮೇಲೆ ಶುರುವಾಯಿತು ಭೇದಿ. ಹಾಲು ಹೆಚ್ಚಾಯಿತೇನೋ ಎಂದು ಅಂಬುಜಮ್ಮ ಮಜ್ಜಿಗೆ ಅನ್ನ ಕಲಸಿದಳು. ಅದೂ ನಿಲ್ಲಲಿಲ್ಲವೆಂದು ರಾಗಿ ಗಂಜಿ. ಅದನ್ನು ಮೂಸಿ ಬಿಟ್ಟಿತೆಂದು ಬೆಲ್ಲ ಹಾಕಿದ ಗಂಜಿ. ಜೀರಿಗೆ ಕುದಿಸಿದ ನೀರನ್ನು ಹತ್ತಿಯಲ್ಲಿ ಅದ್ದಿ ಬಾಯಿಗೆ ಹಿಂಡಿದಳು. ಹಣೆಗೆ ಹನುಮಪ್ಪನ ಸಿಂಧೂರ ಇಟ್ಟಳು. ಹೊತ್ತು ಹೊತ್ತಿಗೆ ಒಂದೊಂದು ಹೊಸದು. ಪ್ರತಿ ಹೊಸದಕ್ಕೂ ಭೇದಿ ಇನ್ನಷ್ಟು ನೀರಾಗುತ್ತಾ ಬಂತು.

ಸೊಸೆ ಭಾನುಪ್ರಿಯ ಒಮ್ಮೆ ತಡೆಯಲಾರದೆ ಅಂದಳು: "ಅತ್ತೆ, ನೀವು ಹಿಂಗೆ ಹೊತ್ತಿಗೊಂದು ಅಡುಗೆ ಬದಲಾಯಿಸ್ತಿದ್ರೆ ಅದರ ಹೊಟ್ಟೆ ಯಾವುದಕ್ಕೆ ಅಂತ ಒಗ್ಗತ್ತೆ? ಮಾವಂಗೆ ಒಂದಿನ ಮದುವೆ ಮನೆ ಊಟ ಆದ್ರೆ ನಾಳೆನಾಳಿದ್ದೆಲ್ಲ ಚೊಂಬು ಕೆಳಗಿಡಲ್ಲ."

"ಏನಮ್ಮಾ ಭಾನು," ಜಗಲಿಯಿಂದ ಬೋರಲಿಂಗಯ್ಯನ ದನಿ ಬಂತು, "ಬೆಕ್ಕಿನ ಪಂಚಾಯ್ತಿಗೆ ನನ್ನ ಚೊಂಬು ಯಾಕೆ ಎಳ್ದೆ?"

ಅವತ್ತು ಎಲ್ಲರೂ ನಕ್ಕಿದ್ದರು. ಈ ಬೆಳಗ್ಗೆ ಸ್ಟ್ಯಾಂಡಿನ ಕೆಳಗಿಂದ ಬೇಗಮ್ಮನನ್ನು ಎತ್ತಿಕೊಂಡಾಗ ಅಂಬುಜಮ್ಮನಿಗೆ ನಗು ಎಲ್ಲಿಂದ ಬಂದೀತು? ಒಗೆದು ಹಿಂಡಿದ ಬಟ್ಟೆಯನ್ನು ಎತ್ತಿದ ಹಾಗಿತ್ತು.

ಪುಣ್ಯಕ್ಕೆ ಪಶುವೈದ್ಯೆ ಶ್ವೇತ ಪಕ್ಕದ ಮನೆ ಸರಸಮ್ಮನ ಹಸು ನೋಡಲು ಬಂದಿದ್ದಳು. ಅಂಬುಜಮ್ಮ ಬುಟ್ಟಿಯನ್ನು ಸೊಂಟಕ್ಕೇರಿಸಿ ಅಲ್ಲಿಗೇ ಓಡಿದಳು. ಡಾಕ್ಟರು ಕೊಟ್ಟಿಗೆಯ ಕಟ್ಟೆಯ ಮೇಲೆ ಬೆಕ್ಕನ್ನು ಮಲಗಿಸಿ ಕತ್ತಿನ ಹಿಂದಿನ ಚರ್ಮವನ್ನು ಹಿಡಿದೆತ್ತಿ ಬಿಟ್ಟಳು. ಬಿಟ್ಟರೂ ಚರ್ಮ ಎತ್ತಿದ ಹಾಗೇ ನಿಂತಿತು.

"ಮೈಯಲ್ಲಿರೋ ನೀರೆಲ್ಲ ಹೋಗಿದೆಯಲ್ಲಮ್ಮ. ಏನು ಹಾಕ್ತಿದ್ದೀರಿ?"

"ಹಾಲು ಅನ್ನ, ಮಜ್ಜಿಗೆ ಅನ್ನ, ಗಂಜಿ, ಬೆಲ್ಲದ ಗಂಜಿ..."

"ಬೆಲ್ಲ ಬೇರೆ!" ಡಾಕ್ಟರು ತಲೆಯೆತ್ತಿದಳು. "ಮೊದಲು ಇದು ಏನು ತಿಂತಿತ್ತು?"

ಅಂಬುಜಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಬೆಂದ ರೇಷ್ಮೆಹುಳ. ರಾಮನಗರದ್ದು ಇದು."

"ಅದನ್ನ ಒಂದೇ ಸಲಕ್ಕೆ ನಿಲ್ಲಿಸಿಬಿಟ್ರಾ? ಅದಕ್ಕೇ ಹಿಂಗಾಗಿದೆ. ಹುಟ್ಟಿದಾಗಿಂದ ಒಂದಕ್ಕೆ ಹೊಂದಿಕೊಂಡ ಹೊಟ್ಟೆ. ಹಳೇದರ ಜೊತೆ ಹೊಸದನ್ನ ಚೂರು ಚೂರು ಸೇರಿಸ್ತಾ, ವಾರ ಹತ್ತು ದಿನ ತಗೊಂಡು ಬದಲಾಯಿಸಬೇಕು. ಬೆಳೆದ ಬೆಕ್ಕಿಗೆ ಹಸುವಿನ ಹಾಲಂತೂ ಅರಗೋದೇ ಕಷ್ಟ." ಮಾತಾಡುತ್ತಲೇ ಅವಳು ಬೆಕ್ಕಿನ ಚರ್ಮದಡಿಗೆ ಸೂಜಿ ಹಾಕಿ ಸಲೈನು ಇಳಿಸಿದಳು. "ಇದರಿಂದ ಇವತ್ತಿಗೆ ಸ್ವಲ್ಪ ಜೀವ ನಿಲ್ಲತ್ತೆ. ಹಾಲು, ಬೆಲ್ಲ ಎಲ್ಲ ಬಂದ್. ಕುಡಿಯೋಕೆ ನೀರಿಡಿ. ಹಳೇ ತಿಂಡಿನೇ ಒಂಚೂರು ಕೊಟ್ಟು ನೋಡಿ. ಇಲ್ಲಾಂದ್ರೆ ಉಪ್ಪು ಖಾರ ಇಲ್ಲದೆ ಬೇಯಿಸಿದ ಕೋಳಿ."

"ಕೋಳಿಯಾ? ಹರಕೆ ಐತಲ್ಲ ಡಾಕ್ಟ್ರಮ್ಮ."

"ಹರಕೆ ಹೊತ್ತಿರೋದು ನೀವಮ್ಮ. ಅದಕ್ಕೆ ಗೊತ್ತಾ?"

ಆ ಮಾತು ಅವಳು ಬೈಯಲೆಂದು ಆಡಿದ್ದಲ್ಲ. ಸೂಜಿ ತೆಗೆದು ಹತ್ತಿ ಒತ್ತುತ್ತಾ, ನಯವಾಗಿಯೇ ಅಂದದ್ದು. ಅಂಬುಜಮ್ಮ ಬೆಕ್ಕಿನ ತಲೆ ಸವರಿದಳು.

"ಬದುಕ್ತದಾ?"

"ತಿಂದ್ರೆ ಬದುಕ್ತದೆ. ಬೆಕ್ಕು ಜಾಸ್ತಿ ದಿನ ಹೊಟ್ಟೆ ಖಾಲಿ ಬಿಟ್ರೆ ಆಮೇಲೆ ನಾನು ಏನು ಮಾಡಿದ್ರೂ ಕಷ್ಟ."

ಬುಟ್ಟಿ ಹೊತ್ತು ಅಲ್ಲಿಂದ ಹೊರಟವಳು ಮನೆಯ ಕಡೆ ತಿರುಗಲಿಲ್ಲ. ಮೊಟ್ಟೆಯಿಂದ ಆಗತಾನೆ ಎದ್ದ ಹುಳಕ್ಕೆ ತುದಿಯ ಎಳೆ ಎಲೆಯನ್ನು ನೂಲಿನ ಹಾಗೆ ಹೆಚ್ಚಿ ಹಾಕುವವಳು ಅವಳು. ಒಂದೊಂದು ಜ್ವರ ಕಳೆದಾಗಲೂ ಒಂಚೂರು ಬಲಿತ ಎಲೆ, ಆಮೇಲೆ ಇನ್ನೊಂಚೂರು ಬಲಿತದ್ದು. ಎಳೆ ಹುಳಕ್ಕೆ ಬಲಿತ ಸೊಪ್ಪು ಎಸೆದವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಬದುವಿನ ಮೇಲೆ ನಡೆಯುತ್ತಾ ಅಂಬುಜಮ್ಮ ಅದನ್ನೇ ನೆನೆದಳು. ನೆನೆದಷ್ಟೂ ಹೆಜ್ಜೆ ಬಿರುಸಾಯಿತು. ಮರದ ಹತ್ತಿರವೇ, ಹೊಸ್ತಿಲ ಹೊರಗೆ, ಎರಡು ಚಿಟಿಕೆ ತಿನ್ನಿಸಿಬಿಟ್ಟರೆ? ತಾನು ಕೈಕಾಲು ತೊಳೆದು ತಲೆಗೆ ನೀರು ಹೊಯ್ದುಕೊಂಡೇ ಮನೆಗೆ ಹೋದರೆ ಹನುಮಪ್ಪ ಒಪ್ಪದೇ ಇರುತ್ತಾನೆಯೆ?

ಹೊಂಗೆಮರದ ಕೊಂಬೆಯಲ್ಲಿ ಹಸಿರು ಬಟ್ಟೆ ಮಾತ್ರ ನೇತಾಡುತ್ತಿತ್ತು. ಗಂಟು ಬಿಚ್ಚಿದ್ದು ಕೋತಿ. ಗೊತ್ತಾಗುವ ಹಾಗೆ ಬಟ್ಟೆಯನ್ನು ಹಲ್ಲಿನಿಂದ ಸಿಗಿದಿತ್ತು. ಡಬ್ಬಿ ಕೆಳಗೆ ಹುಲ್ಲಿನಲ್ಲಿ ಅಂಗಾತ ಬಿದ್ದಿತ್ತು, ಮುಚ್ಚಳ ಒಂದು ಕಡೆ. ಒಳಗೆ ಮಳೆಯ ನೀರು ನಿಂತು, ಉಳಿದ ನಾಲ್ಕಾರು ಹುಳ ಉಬ್ಬಿ, ಮೇಲೆ ಬೂಷ್ಟು ಕಟ್ಟಿತ್ತು. ಸುತ್ತಲೂ ಇರುವೆಯ ಸಾಲು.

ಆ ನಾತಕ್ಕೆ ಅಂಬುಜಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಆಗ ಬುಟ್ಟಿಯೊಳಗೆ ಏನೋ ಅಲುಗಿತು. ಬೆಳಗಿನಿಂದ ಕತ್ತು ಎತ್ತದ ಬೇಗಮ್ಮ ತಲೆ ಎತ್ತಿತ್ತು. ಮೂಗಿನ ಹೊಳ್ಳೆ ಅರಳಿತ್ತು. ಮುಂಗಾಲನ್ನು ಬುಟ್ಟಿಯ ಅಂಚಿಗೆ ಇಟ್ಟು, ನಡುಗುತ್ತಾ, ಆ ಡಬ್ಬಿಯ ಕಡೆಗೆ ಒಂದು ದನಿ ಮಾಡಿತು. ಇಷ್ಟು ದಿನದಲ್ಲಿ ಅದು ಊಟ ಕೇಳಿದ್ದು ಅದೇ ಮೊದಲು.

"ಬ್ಯಾಡ ಕಣವ್ವ... ಅದು ಕೊಳ್ತೋಗೈತೆ. ಬ್ಯಾಡ."

ಹುಲ್ಲಿನಿಂದ ಡಬ್ಬಿಯನ್ನು ಎತ್ತಿ ಹಿಂದಕ್ಕೆ ಎಳೆದುಕೊಂಡಳು. ಬೇಗಮ್ಮ ಇನ್ನೊಮ್ಮೆ ಕೇಳಿತು. ಹಸಿದ ಪ್ರಾಣಿಯ ಬಾಯಿಂದ ಅನ್ನ ಕಿತ್ತುಕೊಂಡಂತೆ, ಅಂಬುಜಮ್ಮ ಡಬ್ಬಿಯನ್ನು ಬೆನ್ನ ಹಿಂದೆ ಹಿಡಿದು ಮಳೆಯಲ್ಲಿ ನಿಂತಳು. ಕೊಡುವಂತಿಲ್ಲ, ಕೊಡದೆ ಇರುವಂತಿಲ್ಲ. ಸ್ವಲ್ಪ ಹೊತ್ತಿಗೆ ಬೆಕ್ಕಿನ ಕಾಲು ಜಾರಿತು, ತಲೆ ಮತ್ತೆ ಬುಟ್ಟಿಯೊಳಗಿನ ಗೋಣಿಯ ಮೇಲೆ ಬಿತ್ತು.

ಮನೆಗೆ ಬಂದು ಮೈ ತೊಳೆದು ಸೀರೆ ಬದಲಾಯಿಸುವಾಗಲೇ ಅಂದಳು, "ರಾಮನಗರಕ್ಕೆ ಹೋಗ್ ಬತ್ತೀನಿ. ಇದನ್ನ ಬುಟ್ ಬತ್ತೀನಿ."

ಬೋರಲಿಂಗಯ್ಯ ಸೊಪ್ಪಿನ ಹೊರೆ ಇಳಿಸುತ್ತಿದ್ದವನು ಹಾಗೇ ನಿಂತ. "ಈಗ್ಲಾ? ಹುಳ ದೊಡ್ಡ ಹಸಿವಲ್ಲಿ ಅವೆ, ನಿನ್ನ ಕೈ ಇಲ್ದೆ ಆಯ್ತದಾ? ಇಲಿ ಬೇರೆ ಬಂದೈತೆ. ಗೂಡು ಕಟ್ಟೋಗಂಟ ಇರ್ಲಿ ಕಣಮ್ಮಿ. ಏಳ್ದೆ ಇದ್ರೂ ಬೆಕ್ಕಿನ ವಾಸ್ನೆ ಇದ್ರೆ ಸಾಕು, ಇಲಿ ಹೆದರ್ತವೆ."

"ವಾಸ್ನೆಗೆ ಅಂತ ಒಂದು ಜೀವ ಸಾಯ್ಸಾದಾ?"

ಅವನು ಹೊರೆಯ ಹಗ್ಗ ಬಿಚ್ಚಿದ. ಭಾನುಪ್ರಿಯ ಸೊಪ್ಪಿನ ಬಟ್ಟೆಯನ್ನು ಎತ್ತಿಕೊಳ್ಳುತ್ತಾ, "ಹೋಗ್ಬನ್ನಿ ಅತ್ತೆ. ಎಲೆ ನಾನು ಒರೆಸ್ತೀನಿ," ಅಂದಳು.

ಬಸ್ಸಿನಲ್ಲಿ ಪಕ್ಕದ ಹೆಂಗಸು ಬುಟ್ಟಿಯೊಳಗೆ ಇಣುಕಿ, "ಕೋಳಿನಾ ಅಕ್ಕ?" ಎಂದು ಕೇಳಿ, ಉತ್ತರ ಬರುವ ಮುಂಚೆ ವಾಸನೆ ಬಂದು ಎದ್ದು ಬೇರೆ ಸೀಟಿಗೆ ಹೋದಳು. ಕೆಂಗಲ್ ಹತ್ತಿರ ಬಂದಾಗ ಬಸ್ಸಿನ ಅರ್ಧ ಜನ ಕೈ ಮುಗಿದರು. ಅಂಬುಜಮ್ಮ ಬುಟ್ಟಿಯನ್ನು ತೊಡೆಯ ಮೇಲೆ ಸರಿಮಾಡಿಕೊಂಡು ತಾನೂ ಮುಗಿದಳು. ಏನು ಕೇಳಿಕೊಳ್ಳುವುದು? ಹುಳ ಉಳಿಸು ಅಂದರೆ ಬೆಕ್ಕಿನ ಮುಖ ಎದುರಿಗಿತ್ತು. ಬೆಕ್ಕು ಉಳಿಸು ಅಂದರೆ, ಅದಕ್ಕೆ ಬೇಕಾದ ಊಟವನ್ನು ಬೇಡವೆಂದು ಮರಕ್ಕೆ ಕಟ್ಟಿದ್ದು ಅವನ ಹೆಸರು ಹೇಳಿಯೇ ಅಲ್ಲವೆ. ದೇವರ ಮೇಲೆ ಹಾಕಿ ಕೈ ತೊಳೆಯುವಂತೆಯೂ ಇರಲಿಲ್ಲ, ದೇವರನ್ನು ಬಿಟ್ಟು ಹಿಡಿಯಲು ಇನ್ನೊಂದು ಕೈಯೂ ಇರಲಿಲ್ಲ. ಕೊನೆಗೆ, "ನಂಗೆ ಏನೂ ತೋಚ್ತಾ ಇಲ್ಲಪ್ಪ," ಎಂದಷ್ಟೇ ಅಂದಳು. ಬಸ್ಸು ಗುಡಿಯನ್ನು ದಾಟಿ ಹೋಯಿತು.

ಮುನ್ನೀ ಬಾಗಿಲಲ್ಲಿ ಬುಟ್ಟಿಯ ಮುಚ್ಚಳ ತೆಗೆದವಳು, "ಯಾ ಅಲ್ಲಾ," ಎಂದು ಬೆಕ್ಕನ್ನು ಹಾಗೇ ಎತ್ತಿ ಮಡಿಲಿಗೆ ಹಾಕಿಕೊಂಡಳು. ಸೀರೆಗೆ ಅಂಟಿದ್ದನ್ನು ಲೆಕ್ಕಿಸಲಿಲ್ಲ. ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಬಾಲದ ಬುಡ ಒರೆಸಿದಳು.

"ಏನಾಯ್ತಕ್ಕಾ? ಡಬ್ಬಿದು ಕೊಟ್ರಿ ತಾನೆ?"

ಅಂಬುಜಮ್ಮ ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದಳು. ಕೊಟ್ಟೆ ಅಂದುಬಿಟ್ಟರೆ ಮುಗಿಯುತ್ತಿತ್ತು.

"ಇಲ್ಲ ಕಣೆ. ಹೊಸ್ತಿಲು ದಾಟ್ಸಕ್ಕೆ ಮನ್ಸು ಬರ್ನಿಲ್ಲ. ಸತ್ತ ಹುಳ... ನಮ್ಮ ಹುಳದ ಮನೆಗೆ."

ಮುನ್ನೀಯ ಕೈ ಬಟ್ಟೆಯ ಮೇಲೆ ನಿಂತಿತು. ಅದನ್ನು ನೀರಿನಲ್ಲಿ ಮತ್ತೆ ಅದ್ದಿ ಹಿಂಡಿದಳು. ಶೆಡ್ಡಿನೊಳಗೆ ರಾಟೆಗಳು ತಿರುಗುವ ಸದ್ದು.

"ಹೌದಲ್ವಾ," ಅಂದಳು ಮುನ್ನೀ ಕೊನೆಗೆ, ಮೆಲ್ಲಗೆ. "ನಿಮ್ಮ ಮನೇಲಿ ಅದು ಮಕ್ಕಳ ಥರ. ನಮ್ಮ ಮನೇಲಿ ಅದು ಬಾಣಲೇದು. ನಂಗೂ ಹೊಳೀಲಿಲ್ಲ ನೋಡಿ." ಆಮೇಲೆ ಗದರುವ ದನಿಯಲ್ಲಿ, "ಆಗ್ಲೇ ಒಂದ್ ಫೋನ್ ಮಾಡಿದ್ರೆ ಏನಾಗ್ತಿತ್ತು ನಿಮಗೆ? ನನ್ನೇನು ಬೇರೆಯವಳು ಅನ್ಕೊಂಡ್ರಾ?"

ಅಂಬುಜಮ್ಮ ಚೌಕಟ್ಟು ಬಿಟ್ಟು ಒಳಗೆ ಬಂದು ಬೆಕ್ಕಿನ ಪಕ್ಕ ಕೂತಳು.

ಮುನ್ನೀ ಶೆಡ್ಡಿನಿಂದ ಬೆಂದ ಹುಳ ತಂದಳು. ಒಂದನ್ನು ಬೆರಳಲ್ಲಿ ಅರೆದು, ಗಂಜಿಯ ತಿಳಿಯಲ್ಲಿ ಕಲಸಿ, ತುಟಿಯ ಹತ್ತಿರ ಹಿಡಿದಳು. ಬೇಗಂ ಮೂಸಿತು. ಮರದಡಿಯಲ್ಲಿ ಕೇಳಿದ ಹಾಗೆ ಕೇಳಲಿಲ್ಲ. ಆ ಆಸೆಯ ಹೊತ್ತು ಕಳೆದುಹೋಗಿತ್ತು. ಮುನ್ನೀ ತುಟಿಗೆ ಸವರಿದಳು. ನಾಲಗೆ ಒಂದು ಸಲ ಹೊರಗೆ ಬಂದು ಒಳಗೆ ಹೋಯಿತು. ಅಷ್ಟೇ.

"ತಿಂತದಾ?"

"ಗೊತ್ತಿಲ್ಲ ಅಕ್ಕಾ. ನೋಡ್ಬೇಕು."

ಇಬ್ಬರು ಹೆಂಗಸರು, ನಡುವೆ ಒಂದು ಬೆಕ್ಕು. ಮುನ್ನೀ ತನ್ನ ಭಾಷೆಯಲ್ಲಿ ಏನೋ ಮಣಮಣಿಸುತ್ತಿದ್ದಳು. ಅಂಬುಜಮ್ಮ ತನ್ನದರಲ್ಲಿ. ಹೊರಗೆ ಹೊತ್ತು ಏರುತ್ತಿತ್ತು. ಅಲ್ಲಿ ಹೊಂಗನೂರಿನಲ್ಲಿ ತಟ್ಟೆಗಳು ಬರಿದಾಗುತ್ತಿರುತ್ತವೆ; ಹಸಿದ ಹುಳ ಕಾಯುವುದಿಲ್ಲ. ಇಲ್ಲಿ ಕೂತರೆ ಅಲ್ಲಿಯದು ಹೋಗುತ್ತದೆ, ಅಲ್ಲಿಗೆ ಹೋದರೆ ಇಲ್ಲಿಯದರ ಕಣ್ಣು ಮುಚ್ಚುವುದನ್ನು ನೋಡಲೂ ತಾನಿರುವುದಿಲ್ಲ.

"ನೀವು ಹೊರಡಿ," ಅಂದಳು ಮುನ್ನೀ. "ಇಲ್ಲಿ ಕೂತು ನೀವು ಮಾಡೋದೇನೂ ಇಲ್ಲ."

ಅದೇ ನಿಜವಾಗಿತ್ತು. ಅದೇ ಎಲ್ಲಕ್ಕಿಂತ ನೋಯಿಸಿತು.

ಆಮೇಲಿನ ದಿನಗಳಲ್ಲಿ ಅಂಬುಜಮ್ಮ ಫೋನನ್ನು ಎತ್ತಿಕೊಳ್ಳುವಳು, ಇಡುವಳು. ಕೇಳಿ, ಹೋಯಿತು ಅಂದರೆ? ಮುನ್ನೀಯೂ ಮಾಡಲಿಲ್ಲ. ಅವಳಿಗೆ ಹೇಳುವುದಕ್ಕೆ ಏನಾದರೂ ಇದ್ದಿದ್ದರೆ ಮಾಡುತ್ತಿರಲಿಲ್ಲವೆ ಎಂದು ಸೊಪ್ಪು ಹಾಕುವಾಗೆಲ್ಲ ಮನಸ್ಸು ಒಂದೇ ಮಾತು ಆಡುತ್ತಿತ್ತು. ಇಲಿ ಮೂಲೆಯ ತಟ್ಟೆಗಳನ್ನು ಬರಿದು ಮಾಡಿದವು. ಮಗ ನಟರಾಜು ಬೋನು ಇಟ್ಟ. ಬೋನಿನ ಹಪ್ಪಳ ಹೋಯಿತು, ಇಲಿ ಬೀಳಲಿಲ್ಲ. ಬೋರಲಿಂಗಯ್ಯ ದೊಣ್ಣೆ ಹಿಡಿದು ಕೂತು ಅಲ್ಲೇ ತೂಕಡಿಸಿದ. ಆದರೂ ಉಳಿದ ಹುಳ ಮೈ ಹಳದಿಯಾಗಿ, ಹಣ್ಣಾಗಿ, ಗೂಡು ಕಟ್ಟುವ ಚಂದ್ರಿಕೆಗೆ ಹತ್ತಿದವು. ಬೆಳಗಾಗೆದ್ದು ಆ ಬಿದಿರ ಸುತ್ತುಗಳಲ್ಲಿ ಗೂಡು ಅರಳಿದ್ದು ಕಂಡು ಅಂಬುಜಮ್ಮ ಕೈ ಮುಗಿದಳು. ಹರಕೆ ಮುಗಿದಿತ್ತು. ಮನಸ್ಸು ಮಾತ್ರ ತುಂಬಲಿಲ್ಲ.

ಮಾರ್ಕೆಟ್ಟಿಗೆ ಹೊರಡುವ ಹಿಂದಿನ ದಿನ ಶ್ರಾವಣದ ಕಡೆಯ ಶನಿವಾರ. ಬದುವಿನಿಂದ ತಂದ ಆ ಸ್ಟೀಲು ಡಬ್ಬಿಯನ್ನು ಹುಣಸೆಹಣ್ಣು, ಬೂದಿ ಹಾಕಿ, ಬೂಷ್ಟಿನ ಕಲೆ ಹೋಗುವ ತನಕ ತಿಕ್ಕಿದಳು. ಹರಿದ ಹಸಿರು ಬಟ್ಟೆಯನ್ನು ಒಗೆದು ಒಣಗಿಸಿ ಸೂಜಿ ಹಾಕಿದಳು. ಇನ್ನೊಬ್ಬರ ಪಾತ್ರೆಯನ್ನು ಬರಿದಾಗಿ ಕೊಡುವ ರೂಢಿ ಅವಳದಲ್ಲ. ದೇವರ ಮುಂದಿಟ್ಟ ತಂಬಿಟ್ಟಿನ ಉಂಡೆಗಳನ್ನು ತುಂಬಿ ಗಂಟು ಕಟ್ಟಿದಳು.

ಗಂಡ ಮಗ ಇಬ್ಬರೂ ಹರಾಜಿನ ಜನದಲ್ಲಿ ಸೇರಿಹೋದ ಮೇಲೆ ಅವಳು ಆ ಬಾಗಿಲಿಗೆ ಹೋದಳು. ಹೊಸ್ತಿಲ ಮೇಲೆ ಬೇಗಮ್ಮ ಇರಲಿಲ್ಲ. ಕಿಟಕಿಯಲ್ಲೂ ಇರಲಿಲ್ಲ. ಒಳಗೆ ಕರೆದು ಕೂರಿಸಿದ ಮುನ್ನೀ ನೀರು ಕೊಟ್ಟಳು, ಹುಳ ಹೇಗಾಯಿತು ಅಂದಳು, ಭಾನು ಹೇಗಿದ್ದಾಳೆ ಅಂದಳು. ಅಂಬುಜಮ್ಮ ಎಲ್ಲಕ್ಕೂ ಹೂಂ ಅಂದಳು. ಕಣ್ಣು ಮಾತ್ರ ಮನೆಯ ಮೂಲೆ ಮೂಲೆಯಲ್ಲಿ ಬೆಕ್ಕನ್ನು ಹುಡುಕುತ್ತಿತ್ತು.

"ಹಿತ್ಲಿಗೆ ಬನ್ನಿ," ಎಂದು ಮುನ್ನೀ ಎದ್ದಳು.

ಒಲೆಯ ಪಕ್ಕದ ಸೌದೆ ರಾಶಿಯ ಮೇಲೆ, ಕಾವು ತಾಗುವ ಜಾಗದಲ್ಲಿ, ಬೂದಿ ಬಣ್ಣದ ಒಂದು ಉಂಡೆ. ಪಕ್ಕೆಲುಬು ಎಣಿಸುವ ಹಾಗಿತ್ತು. ತಲೆ ಬಗ್ಗಿಸಿಕೊಂಡು, ಯಾವ ಅವಸರವೂ ಇಲ್ಲದೆ, ಅದು ತನ್ನ ಮುಂಗಾಲನ್ನು ನೆಕ್ಕಿಕೊಳ್ಳುತ್ತಿತ್ತು.

ಅಂಬುಜಮ್ಮ ಅಲ್ಲೇ ಗೋಡೆಗೆ ಒರಗಿದಳು.

"ಬದುಕ್ತಾಳೋ ಇಲ್ವೋ ಅಂತ ನಿನ್ನೆ ಮೊನ್ನೆವರ್ಗೂ ನಂಗೇ ಗೊತ್ತಿರ್ಲಿಲ್ಲ," ಅಂದಳು ಮುನ್ನೀ. "ಏನಂತ ಫೋನ್ ಮಾಡ್ಲಿ? ಈಗ ಭೇದಿ ನಿಂತೈತೆ. ಮೊದ್ಲು ಬರೀ ಹುಳ ಕೊಟ್ಟೆ. ಆಮೇಲೆ ಅದಕ್ಕೆ ನಾಕು ಅಗುಳು ಅನ್ನ. ಈಗ ಅರ್ಧ ಅನ್ನ ತಿಂತಾಳೆ. ಹಿಂಗೇ ಒಸಿ ಒಸಿ ಮಾಡ್ತಾ ಹೋದ್ರೆ, ನಿಮ್ಮ ಮುಂದಿನ ಬೆಳೆ ಹೊತ್ತಿಗೆ ಹುಳ ಇಲ್ದೆನೇ ಇರ್ತಾಳೆ. ಡಬ್ಬಿ ಗಿಬ್ಬಿ ಏನೂ ಬೇಕಾಗಲ್ಲ. ಮೇಲೋಗರಕ್ಕೆ ನಿಮ್ಮನೆ ಇಲಿ ಐತಲ್ಲ."

ನಗಿಸಲೆಂದು ಹೇಳಿದ ಮಾತು. ಅಂಬುಜಮ್ಮ ನಗಲು ಹೋದಳು, ಆಗಲಿಲ್ಲ. ಇನ್ನೊಮ್ಮೆ ಕಡ ಕೇಳುವ ಬಾಯಿ ತನಗೆ ಎಂದಾದರೂ ಬರುತ್ತದೆಯೇ ಎಂದು ಅವಳಿಗೆ ತಿಳಿಯದು. ಕೇಳುವ ಮುಂಚೆಯೇ ಒಬ್ಬಳು ಇಲ್ಲಿ ಕೂತು, ದಿನಕ್ಕೊಂದಿಷ್ಟು ಅಗುಳು ಅನ್ನ ಹೆಚ್ಚಿಸುತ್ತಾ ಬಂದಿದ್ದಳು. ಬೇಗಮ್ಮ ತಲೆ ಎತ್ತಿ ಅಂಬುಜಮ್ಮನನ್ನು ಒಂದು ಗಳಿಗೆ ನೋಡಿತು. ಹತ್ತಿರ ಬರಲಿಲ್ಲ. ಎದ್ದು ಹೋಗಲೂ ಇಲ್ಲ. ಮತ್ತೆ ಕಾಲು ನೆಕ್ಕಿಕೊಳ್ಳತೊಡಗಿತು.

ಅಂಬುಜಮ್ಮ ಚೀಲಕ್ಕೆ ಕೈ ಹಾಕಿ ಹಸಿರು ಬಟ್ಟೆಯ ಗಂಟನ್ನು ತೆಗೆದಳು. ಇಸಿದುಕೊಂಡಾಗ ಹಿಡಿದ ಹಾಗೇ ಎರಡೂ ಕೈಯಲ್ಲಿ ಹಿಡಿದು, ಮುನ್ನೀಯ ಕೈಗೆ ಇಟ್ಟಳು.